ಮನೆಯ ಇಂಟರ್ನೆಟ್ಟಿನ ವೇಗವನ್ನು ನಾವು ಅಳೆದುದು

ಮೂವತ್ತನಾಲ್ಕು ವರ್ಷಕಾಲ ಹುಡುಗರಿಗೆ ಶಬ್ದಧಾತುಗಳನ್ನು ಬಾಯಿಪಾಠ ಮಾಡಿಸಿ, ಗಣಿತದ ಉಪಾಧ್ಯಾಯರು ರಜದ ಮೇಲಿದ್ದಾಗ ತ್ರೈರಾಶಿಯನ್ನೂ ಹೇಳಿಕೊಟ್ಟು, ೨೦೨೪ನೆಯ ಇಸವಿ ಜೂನ್ ತಿಂಗಳಲ್ಲಿ ನಿವೃತ್ತರಾದ ನಾವು ಇಂಟರ್ನೆಟ್ಟಿನ ವೇಗದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ನಮ್ಮ ಹಳೆಯ ಶಿಷ್ಯರು ನಗಬಹುದು. ನಕ್ಕರೆ ತಪ್ಪಿಲ್ಲ. ಎರಡು ವರ್ಷದ ಹಿಂದೆ ಯಾರಾದರೂ ಈ ಮಾತನ್ನು ಹೇಳಿದ್ದರೆ ನಾವೂ ನಗುತ್ತಿದ್ದೆವು. ಆದರೆ ಈಗಿನ ಸಂಸಾರಗಳಲ್ಲಿ ಈ ವಸ್ತು ಕೊಳಾಯಿಯ ನೀರಿನ ಹಾಗೆ ಗೃಹಕೃತ್ಯಕ್ಕೆ ಸೇರಿಹೋಗಿದೆ. ನೀರು ಬಾರದಿದ್ದರೆ ಅಡಿಗೆ ಆಗದು; ಇದು ಬಾರದಿದ್ದರೆ ಎಷ್ಟೋ ಮನೆಗಳಲ್ಲಿ ಸಂಬಳವೇ ಬಾರದು. ೨೦೨೫ರ ಬೇಸಗೆಯಲ್ಲಿ ಇದರ ದೆಸೆಯಿಂದ ನಮ್ಮ ಮನೆಯೇ ಎರಡಾಗುವ ಪ್ರಸಂಗ ಬಂದಿತ್ತು.

ಯಲಹಂಕದ ಹಳೆಯ ಊರಿನಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಮನೆ ನಮ್ಮದು. ಕೆಳಗಿನ ಭಾಗಕ್ಕೆಲ್ಲ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಮೇಲಿನ ಮಹಡಿ, ಮಗನ ಮದುವೆಯ ಕಾಲದಲ್ಲಿ ನಾವು ಎತ್ತಿಸಿದುದು. ನಮ್ಮ ಸೊಸೆ ವೈಟ್‌ಫೀಲ್ಡಿನ ಕಡೆ ಒಂದು ಕಂಪೆನಿಯಲ್ಲಿ ಕೆಲಸದಲ್ಲಿದ್ದಾಳೆ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬಂದರೆ ಸಾಕು, ಉಳಿದ ದಿನಗಳಲ್ಲಿ ಮಹಡಿಯ ಕೋಣೆಯೇ ಆಕೆಯ ಕಚೇರಿ. ಸಂಜೆ ಆರು ಗಂಟೆಗೆ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿರುವ ಮೇಲಧಿಕಾರಿಗಳೊಡನೆ ಪರದೆಯ ಮೇಲೆ ಮುಖ ನೋಡಿಕೊಂಡು ನಡೆಸುವ ಸಭೆ. ಆ ಸಭೆಯಲ್ಲಿ ಈಕೆಯ ಮಾತು ತುಂಡುತುಂಡಾಗಿ ತಲುಪುತ್ತಿತ್ತಂತೆ. ಬಾಯಿ ತೆರೆದ ಮುಖವು ತೆರೆದಂತೆಯೇ ನಿಂತುಬಿಡುತ್ತಿತ್ತಂತೆ. ಎರಡು ಸಲ ನಯವಾಗಿ ಹೇಳಿದರು. ಮೂರನೆಯ ಸಲ, ಮಾರ್ಚಿ ತಿಂಗಳಲ್ಲಿ, ಮನೆಯಿಂದ ಕೆಲಸ ಸರಿಹೋಗದಿದ್ದರೆ ಜೂನಿನಿಂದ ದಿನವೂ ಕಚೇರಿಗೆ ಬರತಕ್ಕದ್ದೆಂದು ಬರಹದಲ್ಲಿಯೇ ತಿಳಿಸಿದರು. ಯಲಹಂಕದಿಂದ ವೈಟ್‌ಫೀಲ್ಡಿಗೆ ದಿನವೂ ಹೋಗಿಬರುವುದು ಎಂತಹ ತಪಸ್ಸೆಂಬುದನ್ನು ಹೆಬ್ಬಾಳದ ಮೇಲುಸೇತುವೆಯ ಬಳಿ ಒಂದು ಸಾಯಂಕಾಲ ನಿಂತವರು ಬಲ್ಲರು. ಮಗ, ಆ ಕಡೆಯೇ ಒಂದು ಬಾಡಿಗೆ ಮನೆ ನೋಡುವುದು ಒಳ್ಳೆಯದೆಂದನು. ಮೊಮ್ಮಗಳನ್ನು ಬೇರೆ ಶಾಲೆಗೆ ಸೇರಿಸುವ ಮಾತೂ ಬಂದಿತು. ನಮ್ಮ ಮನೆಯವರು ಆ ರಾತ್ರಿ ಊಟ ಮಾಡಲಿಲ್ಲ.

ನಮಗೆ ಬಂದುದು ಕೋಪ. ನಾವು ಹಣ ತೆರುತ್ತಿದ್ದುದು ಸೆಕೆಂಡಿಗೆ ೨೦೦ ಮೆಗಾಬಿಟ್ಟಿನ ವೇಗಕ್ಕೆ. ನಮ್ಮ ಫೋನಿನಲ್ಲಿ, ನಡುಮನೆಯ ಕುರ್ಚಿಯಲ್ಲಿ ಕುಳಿತು, ವೇಗವನ್ನು ಅಳೆಯುವ ಸ್ಪೀಡ್‌ಟೆಸ್ಟನ್ನು ತೆರೆದು ನೋಡಿದರೆ ಬರುತ್ತಿದ್ದುದು ೩೧. ಒಮ್ಮೆ ೨೮. ಇನ್ನೂರು ಕೊಡುವೆನೆಂದು ಹೇಳಿ ಮೂವತ್ತು ಕೊಡುವವನನ್ನು ಏನೆನ್ನಬೇಕು? ಆ ಕಂಪೆನಿಯವರಿಗೆ ಎರಡು ಪುಟದ ದೂರನ್ನು ಬರೆದೆವು. ಅದರಲ್ಲಿ ವಂಚನೆ, ವಿಶ್ವಾಸಘಾತ ಮೊದಲಾದ ಶಬ್ದಗಳು ಯಥೇಚ್ಛವಾಗಿ ಇದ್ದುವು. ಅವರು ಒಬ್ಬ ಹುಡುಗನನ್ನು ಕಳುಹಿಸಿದರು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು. ಬೆನ್ನ ಮೇಲೊಂದು ಚೀಲ, ಬೈಕಿನ ಹಿಂದೊಂದು ಏಣಿ. ಅವನು ಏನೋ ಯಂತ್ರವನ್ನು ಹಿಡಿದು ನೋಡಿ, "ಲೈನು ಚೆನ್ನಾಗಿದೆ ಸಾರ್" ಎಂದು ಹೇಳಿ ಹೋದನು. ಮತ್ತೆ ದೂರು ಕೊಟ್ಟೆವು. ಮತ್ತೆ ಅವನೇ ಬಂದನು. ಮತ್ತೆ ಅದೇ ಮಾತು. ಮೂರನೆಯ ಸಲ ನಾವು ಕೊಂಚ ಕಠಿನವಾಗಿಯೇ, "ಸುಳ್ಳು ಹೇಳಿ ಹೊಟ್ಟೆ ಹೊರೆಯಬೇಡಪ್ಪ" ಎಂದುಬಿಟ್ಟೆವು. ಅವನ ಮುಖ ಕಂದಿತು. "ಸಾರ್, ಒಂದೊಂದು ಕಂಪ್ಲೇಂಟಿಗೂ ನನ್ನ ಲೆಕ್ಕದಲ್ಲಿ ಹಿಡಿಯುತ್ತಾರೆ. ಸುಳ್ಳು ಹೇಳಿದರೆ ನನಗೇನು ಲಾಭ? ಈ ಫೋನಿನಲ್ಲಿ ಅಳೆದರೆ ಫೋನಿನ ವೇಗ ಬರುತ್ತದೆ, ಲೈನಿನ ವೇಗ ಬರುವುದಿಲ್ಲ" ಎಂದನು.

ಈ ಕೊನೆಯ ಮಾತು ನಮಗೆ ನಾಟಿತು. ಬಾಲ್ಯದಲ್ಲಿ ತಂದೆಯವರ ಎದುರು ಕುಳಿತು ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು ನಾವು. ಪ್ರಮಾಣದಲ್ಲಿ ದೋಷವಿದ್ದರೆ ಅದರಿಂದ ಬಂದ ಜ್ಞಾನವೂ ದುಷ್ಟವೆಂದು ಎಷ್ಟು ಹುಡುಗರಿಗೆ ಹೇಳಿಕೊಟ್ಟಿಲ್ಲ! ಕಾಮಾಲೆಯಾದವನು ಶಂಖವನ್ನು ಹಳದಿಯೆನ್ನುವುದು ನಮ್ಮ ಪಾಠದ ನಿತ್ಯದ ದೃಷ್ಟಾಂತ. ವಿಚಾರಿಸಿದಾಗ ತಿಳಿದುದು ಇಷ್ಟು: ನಮ್ಮ ಆ ಹಳೆಯ ಫೋನು ವೈಫೈಯ ತರಂಗಪಟ್ಟಿಗಳಲ್ಲಿ ೨.೪ ಗಿಗಾಹರ್ಟ್ಸಿನ ಹಳೆಯ ಪಟ್ಟಿಯನ್ನು ಮಾತ್ರ ಬಲ್ಲದು. ಅದಕ್ಕಿರುವುದು ಒಂದೇ ಆಂಟೆನಾ. ಅಂತಹ ಫೋನು ರೂಟರಿನ ಪಕ್ಕದಲ್ಲಿಯೇ ಇದ್ದರೂ ಕಾಗದದ ಮೇಲಿನ ಅದರ ಪರಮಾವಧಿ ೭೨ ಮೆಗಾಬಿಟ್. ಅದರಲ್ಲಿ ಕೈಗೆ ಹತ್ತುವುದು ಮತ್ತಷ್ಟು ಕಡಿಮೆ. ನಡುವೆ ಒಂದೂವರೆ ಅಡಿಯ ಕಲ್ಲಿನ ಗೋಡೆ ಬಂದರೆ ೩೧ ಬಂದುದೇ ಹೆಚ್ಚು. ಮೂರು ಮೊಳದ ಹಗ್ಗವನ್ನು ಬಿಟ್ಟು, ಬಾವಿಯಲ್ಲಿ ನೀರಿರುವುದೇ ಮೂರು ಮೊಳದಲ್ಲಿ ಎಂದು ನಾವು ತೀರ್ಮಾನಿಸಿದ್ದೆವು. ಅಂದೇ ಒಂದು ಇನ್ನೂರು ಪುಟದ ನೋಟುಪುಸ್ತಕಕ್ಕೆ ಗೀಟೆಳೆದು ಕುಳಿತೆವು.

ಅಳೆಯುವುದಕ್ಕೆ ಮೊದಲು ಮಾನ ಯಾವುದೆಂಬುದು ತಿಳಿಯಬೇಕಷ್ಟೆ. ಇದರಲ್ಲಿಯೂ ನಮಗೊಂದು ಭ್ರಾಂತಿ ಇತ್ತು. ಸೊಸೆ ಒಂದು ದೊಡ್ಡ ಕಡತವನ್ನು ಇಳಿಸಿಕೊಳ್ಳುತ್ತಿರುವಾಗ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ೧೧ ಎಂದು ಕಾಣಿಸಿತ್ತು. ಇನ್ನೂರೆಲ್ಲಿ, ಹನ್ನೊಂದೆಲ್ಲಿ ಎಂದು ನಾವು ದೂರಿನಲ್ಲಿ ಅದನ್ನೂ ಸೇರಿಸಿದ್ದೆವು. ಆದರೆ ಮಾರುವವರು ಹೇಳುವ ಲೆಕ್ಕ ಬಿಟ್ಟಿನದು. ಗಣಕ ತೋರಿಸುವ ಲೆಕ್ಕ ಬೈಟಿನದು. ಎಂಟು ಬಿಟ್ಟಿಗೆ ಒಂದು ಬೈಟು. ನಮ್ಮ ಅಮ್ಮನ ಕಾಲದ ಅಳತೆಯಲ್ಲಿ ಹೇಳುವುದಾದರೆ, ಎಂಟು ಅರೆಪಾವಿಗೆ ಒಂದು ಸೇರು ಇದ್ದ ಹಾಗೆ. ಅಂಗಡಿಯವನು ಅರೆಪಾವಿನಲ್ಲಿ ಎಣಿಸಿ ಇನ್ನೂರು ಎನ್ನುತ್ತಾನೆ, ಮನೆಯಲ್ಲಿ ನಾವು ಸೇರಿನಲ್ಲಿ ಅಳೆದು ಇಪ್ಪತ್ತೈದಾಯಿತಲ್ಲಾ ಎಂದು ಬಡಿದಾಡುತ್ತೇವೆ. ಹನ್ನೊಂದನ್ನು ಎಂಟರಿಂದ ಗುಣಿಸಿದರೆ ೮೮. ಇನ್ನೂರಕ್ಕೆ ಇದೂ ಕಡಿಮೆಯೇ, ಆದರೆ ಹನ್ನೊಂದಲ್ಲ. (ಕಾಲವೂ ಬದಲಾಗಿದೆ. ೨೦೦೪ರಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳುವುದಕ್ಕೆ ಸೆಕೆಂಡಿಗೆ ೨೫೬ ಕಿಲೋಬಿಟ್ ಸಾಕೆಂದು ನಮ್ಮ ಸರ್ಕಾರದ ನಿಯಮವಿತ್ತು. ೨೦೨೩ರಲ್ಲಿ ಅದನ್ನು ೨ ಮೆಗಾಬಿಟ್ಟಿಗೆ ಏರಿಸಿದರು. ನಾವು ೮೮ಕ್ಕೆ ಅಳುತ್ತಿದ್ದೆವು.)

ಇನ್ನು ಅಳತೆಯ ಕ್ರಮ. ೧೮೯೬ರಲ್ಲಿ ನಮ್ಮ ನೆರೆಯ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯ ನೀರು ಬಂದ ಕಾಲದಿಂದಲೂ ಈ ಸೀಮೆಯ ಗೃಹಸ್ಥರಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತಿದೆ. ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಯಾರೂ ಮೊದಲೇ ಕೆರೆಗೆ ಓಡುವುದಿಲ್ಲ. ಬೀದಿಯ ಕೊಳವೆಯಲ್ಲಿ ಬರುತ್ತಿದೆಯೇ, ಸಂಪಿನಲ್ಲಿದೆಯೇ, ಮೇಲಿನ ತೊಟ್ಟಿಯಲ್ಲಿದೆಯೇ ಎಂದು ಒಂದೊಂದು ಘಟ್ಟದಲ್ಲಿ ನೋಡುತ್ತ ಬರುತ್ತಾರೆ. ಎಲ್ಲಿಯವರೆಗೆ ಸರಿಯಾಗಿದ್ದು ಎಲ್ಲಿಂದ ಮುಂದೆ ಕೆಟ್ಟಿದೆಯೋ, ಆ ಎರಡರ ನಡುವೆ ದೋಷ. ನಾವೂ ಹಾಗೆಯೇ ಮಾಡಿದೆವು. ಹೊರಗಿನಿಂದ ಬಂದ ಗಾಜಿನ ನಾರು ಮುಗಿಯುವ ಪೆಟ್ಟಿಗೆಗೆ ಸೊಸೆಯ ಗಣಕವನ್ನು ಹೊಸ ಲ್ಯಾನ್ ಕೇಬಲಿನಿಂದ ನೇರವಾಗಿ ಜೋಡಿಸಿ, ವೈಫೈಯನ್ನು ನಿಲ್ಲಿಸಿ, ಟೆಲಿವಿಷನ್ನು, ಫೋನುಗಳು, ನಮ್ಮ ಸ್ವಂತ ಗಣಕ ಎಲ್ಲವನ್ನೂ ಆರಿಸಿ, ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ, ಪ್ರತಿಸಲವೂ ಮೂರು ಮೂರು ಬಾರಿ ಅಳೆದು ಬರೆದೆವು. ಒಂದೇ ಪರೀಕ್ಷೆಯನ್ನು ನಂಬಬಾರದೆಂದು ೨೦೦೬ರಿಂದ ನಡೆಯುತ್ತಿರುವ ಓಕ್ಲಾದವರ ಸ್ಪೀಡ್‌ಟೆಸ್ಟನ್ನೂ, ೨೦೧೬ರಲ್ಲಿ ನೆಟ್‌ಫ್ಲಿಕ್ಸಿನವರು ತೆರೆದ ಫಾಸ್ಟನ್ನೂ ನೋಡಿದೆವು. ಮೊದಲನೆಯದು ಸಾಮಾನ್ಯವಾಗಿ ಹತ್ತಿರದ ಯಂತ್ರವನ್ನೇ ಹುಡುಕಿ ಅಳೆಯುತ್ತದೆ. ಅದು ಕೆಲವು ವೇಳೆ ನಮಗೆ ಮಾರಿದವರ ಅಂಗಳದಲ್ಲಿಯೇ ಇರುವುದೂ ಉಂಟು. ಎರಡನೆಯದು ನೆಟ್‌ಫ್ಲಿಕ್ಸಿನವರ ಸ್ವಂತ ಯಂತ್ರದಿಂದ ಅಳೆಯುತ್ತದೆ. ಅಂಗಡಿಯವನ ತಕ್ಕಡಿಯಲ್ಲಿ ತೂಗಿದುದನ್ನು ಎದುರಂಗಡಿಯ ತಕ್ಕಡಿಯಲ್ಲಿ ತೂಗಿದಂತಾಯಿತು.

ಫಲ ಏನೆಂದರೆ, ಬೆಳಿಗ್ಗೆ ೧೮೮, ೧೯೧, ೧೮೭. ಮಧ್ಯಾಹ್ನವೂ ಹೆಚ್ಚುಕಡಿಮೆ ಅಷ್ಟೇ. ಹುಡುಗ ಸುಳ್ಳು ಹೇಳಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಮಾತ್ರ ೧೩೦ರ ಸುತ್ತ ಇಳಿಯುತ್ತಿತ್ತು. ಇದಕ್ಕೂ ಕಾರಣವುಂಟು. ಈ ಗಾಜಿನ ನಾರು ನಮ್ಮ ಮನೆಗೆಂದೇ ಕಂಪೆನಿಯಿಂದ ಹೊರಟುದಲ್ಲ. ಅಲ್ಲಿಂದ ಬರುವುದು ಒಂದು ನಾರು. ಜಿಪಾನ್ ಎಂಬ ಪದ್ಧತಿಯಲ್ಲಿ ಅದು ಸೆಕೆಂಡಿಗೆ ಸುಮಾರು ೨,೪೮೮ ಮೆಗಾಬಿಟ್ಟನ್ನು ಇಳಿಸಬಲ್ಲದು, ೧,೨೪೪ನ್ನು ಏರಿಸಬಲ್ಲದು. ಬೀದಿಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸ್ಪ್ಲಿಟರ್ ಎಂಬ ಗಾಜಿನ ಕವಲು ಅದರ ಬೆಳಕನ್ನು ೩೨ ಮನೆಗೋ ೬೪ ಮನೆಗೋ ಹಂಚುತ್ತದೆ. ಎಲ್ಲರೂ ಒಟ್ಟಿಗೆ ಬಾಯಾರಿದರೆ ಪಾಲು ಕಡಿಮೆಯಾಗಲೇಬೇಕು. ಕಂಪೆನಿಯಿಂದ ಮುಂದಿನ ದಾರಿಯಲ್ಲಿಯೂ ಆ ಹೊತ್ತು ಸಂದಣಿ. ಅದು ಹಾಗಿರಲಿ, ಅದಕ್ಕೆ ಮತ್ತೆ ಬರುತ್ತೇವೆ. ನಮ್ಮ ಕಷ್ಟವಿದ್ದುದು ಸಂಜೆ ಆರರಲ್ಲಿ, ಮಹಡಿಯಲ್ಲಿ.

ಮಹಡಿಯಲ್ಲಿ ಎರಡನೆಯ ವೈಫೈ ಪೆಟ್ಟಿಗೆ ಇದೆ. ಕೆಳಗಿನಿಂದ ಒಂದು ಕೇಬಲು ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆ ಹತ್ತಿ ಅಲ್ಲಿಗೆ ಹೋಗುತ್ತದೆ. ಅದರ ತುದಿಗೆ ಗಣಕವನ್ನು ಜೋಡಿಸಿ ಅಳೆದೆವು. ೯೪. ಮತ್ತೆ ೯೪. ಬೆಳಿಗ್ಗೆ ೯೪, ಮಧ್ಯಾಹ್ನ ೯೪, ಕೆಳಗೆ ೧೩೦ಕ್ಕೆ ಇಳಿದಿದ್ದ ರಾತ್ರಿಯೂ ೯೪. ಈ ಸ್ಥೈರ್ಯವನ್ನು ಕಂಡು ನಮಗೆ ಸಂಶಯ ಬಂದಿತು. ಸಂದಣಿಯಿಂದ ಆಗುವ ಕೊರತೆ ಸಂತೆಯ ಬೆಲೆಯಂತೆ ಏರಿ ಇಳಿಯುತ್ತದೆ. ಹೀಗೆ ಒಂದೇ ಅಂಕೆಯಲ್ಲಿ ನಿಲ್ಲುವುದು ಎಲ್ಲಿಯೋ ಗೋಡೆಗೆ ತಲೆ ತಾಗಿದಾಗ ಮಾತ್ರ. ಆದರೆ ಗೋಡೆಯಾದರೆ ನೂರಕ್ಕೇಕೆ ಇರಬಾರದು, ೯೪ಕ್ಕೇ ಏಕೆ? ಸೊಸೆ ಹೇಳಿದ ಅಂಶಗಳನ್ನು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದೆವು. ದತ್ತವು ೧,೫೦೦ ಬೈಟಿನ ಪೊಟ್ಟಣಗಳಾಗಿ ಬರುತ್ತದೆ. ಅದರೊಳಗೆ ವಿಳಾಸ ಮೊದಲಾದುವಕ್ಕೆ ೫೨ ಬೈಟು ಹೋದರೆ ಸರಕು ೧,೪೪೮. ಪೊಟ್ಟಣಕ್ಕೆ ತಂತಿಯ ಮೇಲಿನ ಹೊದಿಕೆಯೂ ಮುಂದಿನದಕ್ಕೆ ಬಿಡುವ ತೆರಪೂ ಸೇರಿ ೩೮, ಒಟ್ಟು ೧,೫೩೮. ನೂರು ಮೆಗಾಬಿಟ್ಟಿನ ದಾರಿಯಲ್ಲಿ ಇದರ ಪ್ರಕಾರ ಕೈಗೆ ಬರತಕ್ಕದ್ದು ೯೪.೧. ಆ ಅಂಕೆ ಮೂಡಿದಾಗ ನಮಗಾದ ಸಂತೋಷ, ಕಷ್ಟವಾದ ಸಮಾಸವೊಂದು ಬಿಡಿಸಿಕೊಂಡಾಗ ಆಗುವಂತಹುದೇ. ದಾರಿ ನೂರರದೇ ಎಂಬುದು ನಿಶ್ಚಯವಾಯಿತು.

ಆ ದಾರಿ ನೂರರದಾಗಿರಬೇಕಾಗಿರಲಿಲ್ಲ, ಸಾವಿರದ್ದಾಗಿರಬೇಕಾಗಿತ್ತು. ಲ್ಯಾನ್ ಕೇಬಲಿನಲ್ಲಿ ಎಂಟು ಎಳೆಗಳು, ಹೊಸೆದ ನಾಲ್ಕು ಜೋಡಿಗಳಾಗಿ ಇರುತ್ತವೆ. ನಾಲ್ಕೂ ಸರಿಯಾಗಿದ್ದರೆ ಸಾವಿರ ಮೆಗಾಬಿಟ್. ಒಂದು ಜೋಡಿ ಕೆಟ್ಟರೂ ಎರಡು ತುದಿಯ ಯಂತ್ರಗಳು ಯಾರಿಗೂ ಹೇಳದೆ, ಎರಡೇ ಜೋಡಿ ಸಾಕೆಂದು ನೂರಕ್ಕೆ ಇಳಿದು ಕೆಲಸ ನಡೆಸುತ್ತವೆ. ಟಾರ್ಚು ಹಿಡಿದು ಮೆಟ್ಟಿಲಿನ ಉದ್ದಕ್ಕೂ ನೋಡುತ್ತ ಹೋದೆವು. ಏಳನೆಯ ಮೆಟ್ಟಿಲಿನ ಬಳಿ ಒಂದು ಮೊಳೆಯ ಕ್ಲಿಪ್ಪು ಕೇಬಲಿನ ಮೈಯೊಳಕ್ಕೇ ಇಳಿದಿತ್ತು. ಅದನ್ನು ಹೊಡೆದವರು ನಾವೇ. ೨೦೨೦ರಲ್ಲಿ ಎಲ್ಲರೂ ಮನೆಯೊಳಗೆ ಸೆರೆಯಾಗಿದ್ದಾಗ, ಆಳಿಗೆ ಕೊಡುವ ಹಣವೇಕೆಂದು ಸುತ್ತಿಗೆ ಹಿಡಿದು ನಾವೇ ಅದನ್ನು ಗೋಡೆಗೆ ಬಡಿದಿದ್ದೆವು. ಆಗ ನಮ್ಮ ಮನೆಗೆ ಬರುತ್ತಿದ್ದುದೇ ೫೦ ಮೆಗಾಬಿಟ್ಟಾದುದರಿಂದ ನೂರರ ದಾರಿ ಧಾರಾಳವಾಗಿತ್ತು. ೨೦೨೪ರಲ್ಲಿ ಇನ್ನೂರಕ್ಕೆ ಏರಿಸಿದ ಮೇಲೆ ಅದೇ ದಾರಿ ಇಕ್ಕಟ್ಟಾಯಿತು.

ಕೇಬಲನ್ನು ಬದಲಾಯಿಸಿದೆವು. ಮಹಡಿಯಲ್ಲಿ ೧೮೭ ಬಂದಿತು. ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾವು ಮಾಡಿದ ಉಪನ್ಯಾಸವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಬಾಡಿಗೆ ಮನೆಯ ಮಾತು ಇನ್ನು ಎತ್ತಬೇಡಿ ಎಂದು ಮಗನಿಗೂ ಹೇಳಿ, ಎಂದಿನಂತೆ ಆರು ಗಂಟೆಗೆ ಕೆರೆಯ ಏರಿಯ ಕಡೆ ತಿರುಗಾಡಲು ಹೊರಟೆವು. ಹಿಂದಿರುಗಿ ಬಂದಾಗ ಸೊಸೆ ಮೆಟ್ಟಿಲಿನ ಮೇಲೆ ಕುಳಿತಿದ್ದಳು. "ಮಾವ, ಇವತ್ತೂ ನಿಂತುಹೋಯಿತು" ಎಂದಳು. ಮತ್ತೇನೂ ಹೇಳಲಿಲ್ಲ.

ಆಲೋಚಿಸಿದರೆ ಇದು ಸಹಜವೇ ಆಗಿತ್ತು. ಮುಖ ನೋಡಿ ಮಾತನಾಡುವ ಸಭೆಗೆ ಬೇಕಾದುದು ಮೂರು ನಾಲ್ಕು ಮೆಗಾಬಿಟ್ ಮಾತ್ರ. ೯೪ ಇದ್ದಾಗಲೂ ಅದಕ್ಕೆ ಕೊರತೆ ಇರಲಿಲ್ಲ. ನಾವು ಕಂಡುಹಿಡಿದುದು ನಿಜವಾದ ದೋಷವನ್ನೇ. ಆದರೆ ಆ ದೋಷ ಈ ರೋಗದ್ದಲ್ಲ. ಪಕ್ಕದ ಮನೆಯಲ್ಲಿರುವ ನಿವೃತ್ತ ಬ್ಯಾಂಕ್ ಮ್ಯಾನೇಜರು, ಇದೆಲ್ಲ ವಾಯುಸೇನೆಯ ನಿಲ್ದಾಣದ ರಾಡಾರಿನ ಕೆಲಸ, ಫೆಬ್ರವರಿಯಲ್ಲಿ ವಿಮಾನಗಳ ಪ್ರದರ್ಶನ ನಡೆದಾಗ ತಮ್ಮ ಮನೆಯಲ್ಲಿಯೂ ಹೀಗಾಯಿತು ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ವೈಫೈಯ ೫ ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಕೆಲವು ಚಾನೆಲುಗಳು ರಾಡಾರಿನೊಡನೆ ಹಂಚಿಕೊಂಡವು. ರಾಡಾರಿನ ಸುಳಿವು ಕಂಡರೆ ರೂಟರು ಆ ಚಾನೆಲನ್ನು ಬಿಟ್ಟು ಏಳತಕ್ಕದ್ದೆಂದು ನಿಯಮವಿದೆ. ಆದರೆ ನಮ್ಮ ತೊಂದರೆ ಪ್ರದರ್ಶನಕ್ಕೆ ಮೊದಲೂ ಇತ್ತು, ಅನಂತರವೂ ಇತ್ತು. ವಿಮಾನ ಹಾರುವುದು ಹಗಲು, ಸಭೆ ಕೆಡುವುದು ಸಂಜೆ. ಸೊಸೆ ವೈಫೈಯನ್ನು ಬಿಟ್ಟು ತಂತಿಯಲ್ಲಿಯೇ ಸಭೆಗೆ ಕುಳಿತು ನೋಡಿದಳು, ಆಗಲೂ ಕೆಟ್ಟಿತು. ಅಲ್ಲಿಗೆ ರಾಡಾರು, ಮೈಕ್ರೋವೇವ್ ಒಲೆ, ನೆರೆಮನೆಗಳ ವೈಫೈ ಎಲ್ಲಕ್ಕೂ ಒಟ್ಟಿಗೆ ಬಿಡುಗಡೆಯಾಯಿತು.

ಫ್ರಾಂಕ್‌ಫರ್ಟಿನ ದೂರವೇ ಕಾರಣವೋ ಎಂದು ಅದನ್ನೂ ವಿಚಾರಿಸಿದೆವು. ಬೆಂಗಳೂರಿನಿಂದ ಅಲ್ಲಿಗೆ ಹಕ್ಕಿಯ ದಾರಿಯಲ್ಲಿಯೇ ಏಳು ಸಾವಿರ ಕಿಲೋಮೀಟರಿಗೆ ಹೆಚ್ಚು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದರಿಂದ, ಹೋಗಿಬರಲು ೭೦ ಮಿಲಿಸೆಕೆಂಡಿಗೆ ಕಡಿಮೆಯಾಗುವುದು ಬ್ರಹ್ಮನಿಂದಲೂ ಸಾಧ್ಯವಿಲ್ಲ. ಕೇಬಲುಗಳು ಸಮುದ್ರವನ್ನು ಬಳಸಿಕೊಂಡು ಹೋಗುವುದರಿಂದ ನಮ್ಮಲ್ಲಿ ಕಂಡುದು ೧೫೦ರ ಆಸುಪಾಸು. ಮಾತುಕತೆಯಲ್ಲಿ ಒಂದು ಕಡೆಯ ಪ್ರಯಾಣಕ್ಕೆ ೧೫೦ ಮಿಲಿಸೆಕೆಂಡಿನ ಒಳಗಾದರೆ ಬಾಧಕವಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ನಮ್ಮದು ಹೋಗಿಬರುವುದಕ್ಕೇ ಅಷ್ಟು. ದೂರವೂ ಅಪರಾಧಿಯಲ್ಲ.

ಆಗ ಸೊಸೆ ತನ್ನ ಪುಸ್ತಕವನ್ನು ತಂದಳು. ಏಪ್ರಿಲ್ ತಿಂಗಳಿನಲ್ಲಿ ಯಾವ ಯಾವ ದಿನ ಸಭೆ ಎಷ್ಟು ಹೊತ್ತಿನವರೆಗೆ ಕೆಟ್ಟಿತ್ತೆಂದು ಆಕೆಯೂ ಬರೆದಿಟ್ಟಿದ್ದಳು. ಎಲ್ಲ ದಿನವೂ ಮೊದಲ ಮುಕ್ಕಾಲು ಗಂಟೆ ಕೆಡುವುದು, ತರುವಾಯ ತಾನಾಗಿ ಸರಿಹೋಗುವುದು. ಎರಡು ದಿನ ಮಾತ್ರ, ಒಂದರ ಮೇಲೊಂದು ಬಂದ ಎರಡು ದಿನ, ಯಾವ ತೊಂದರೆಯೂ ಇಲ್ಲ. ಇದ್ದಾಗ ಇರುವುದು ಅನ್ವಯ, ಇಲ್ಲದಾಗ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಲ್ಲಿ ಕಾರಣ. ಹಾಗಾದರೆ ಆ ಎರಡು ದಿನ ಯಾವುದು ಇರಲಿಲ್ಲ? ಕರೆಂಟು ಹೋಗಿತ್ತೇ? ಮೊಮ್ಮಗಳು ಟೆಲಿವಿಷನ್ ನೋಡಲಿಲ್ಲವೇ? ನಾವು ಹೀಗೆ ತರ್ಕಿಸುತ್ತಿರುವಾಗ ಅವರೆಕಾಯಿಯ ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ನಮ್ಮ ಮನೆಯವರು ತಲೆಯೆತ್ತದೆ, "ಆ ಎರಡು ದಿನ ನೀವು ದೊಡ್ಡಬಳ್ಳಾಪುರಕ್ಕೆ ಮದುವೆಗೆ ಹೋಗಿದ್ದಿರಿ" ಎಂದರು.

ನಾವು ಇಲ್ಲದಾಗ ರೋಗವಿಲ್ಲ. ನಾವು ಇದ್ದಾಗ ಇದೆ. ಕೊಂಚ ಹೊತ್ತು ಯಾರೂ ಮಾತನಾಡಲಿಲ್ಲ.

ಇದನ್ನು ವಿವರಿಸಬೇಕು. ನಮ್ಮ ತಂದೆಯವರು ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ವಿದ್ವತ್ತಿಗೆ ಓದಿದ ಕಾಲದಲ್ಲಿ ಬರೆದುಕೊಂಡ ಹನ್ನೊಂದು ಟಿಪ್ಪಣಿಯ ಪುಸ್ತಕಗಳು ನಮ್ಮಲ್ಲಿವೆ. ಕಾಗದ ಮುಟ್ಟಿದರೆ ಪುಡಿಯಾಗುತ್ತದೆ, ಹುಳುವೂ ಬಿದ್ದಿದೆ. ನಿವೃತ್ತರಾದ ವರ್ಷದ ದಸರೆಯ ತರುವಾಯ ನಾವು ಒಂದು ಸ್ಕ್ಯಾನರನ್ನು ಕೊಂಡು, ದಿನಕ್ಕೆ ಅರುವತ್ತು ಪುಟಗಳಂತೆ ಪ್ರತಿ ತೆಗೆಯುತ್ತಿದ್ದೆವು. ಅಕ್ಷರದ ಒಂದು ಗೆರೆಯೂ ಕಳೆಯಬಾರದೆಂದು ಇಂಚಿಗೆ ೬೦೦ ಚುಕ್ಕಿಯಂತೆ, ಬಣ್ಣದಲ್ಲಿ. ಹಾಗೆ ತೆಗೆದರೆ ಒಂದೊಂದು ಪುಟವೂ ಸುಮಾರು ೧೦೪ ಮೆಗಾಬೈಟು ತೂಗುತ್ತದೆ. ಮಧ್ಯಾಹ್ನವೆಲ್ಲ ಪ್ರತಿ ತೆಗೆದು, ಹೆಸರು ಕೊಟ್ಟು, ಆರು ಗಂಟೆಗೆ ತಿರುಗಾಡಲು ಹೊರಡುವ ಮೊದಲು ಎಲ್ಲವನ್ನೂ ಒಂದು ಕೋಶದೊಳಕ್ಕೆ ಹಾಕುತ್ತಿದ್ದೆವು. ಆ ಕೋಶದಲ್ಲಿ ಹಾಕಿದುದು ತಾನಾಗಿಯೇ ಮೇಲಕ್ಕೆ, ದೂರದ ಉಗ್ರಾಣಕ್ಕೆ ಹೋಗುವಂತೆ ಮಗ ಏರ್ಪಾಟು ಮಾಡಿಕೊಟ್ಟಿದ್ದನು. ಮನೆ ಸುಟ್ಟರೂ ತಂದೆಯವರ ಅಕ್ಷರ ಉಳಿಯುತ್ತದೆಂದು ನಾವು ನಿಶ್ಚಿಂತರಾಗಿ ಕೆರೆಯ ಕಡೆ ಹೋಗುತ್ತಿದ್ದೆವು.

ಇಷ್ಟು ದಿನವೂ ನಾವು ಅಳೆದುದು ಇಳಿಯುವ ವೇಗವನ್ನು. ಏರುವ ವೇಗ ನಮ್ಮ ಒಪ್ಪಂದದಲ್ಲಿ ಇದ್ದುದು ಇಪ್ಪತ್ತೇ. ಪರೀಕ್ಷೆಯ ಪರದೆಯ ಮೇಲೆ ಪ್ರತಿಸಲವೂ ೧೯ ಎಂದು ಅದು ಕಾಣಿಸುತ್ತಲೇ ಇತ್ತು. ನಮ್ಮ ದೂರು ಅದರದಲ್ಲವಾದುದರಿಂದ ನಾವು ಅದನ್ನು ಬರೆದುಕೊಂಡಿರಲೂ ಇಲ್ಲ. ೧೦೪ನ್ನು ಎಂಟರಿಂದ ಗುಣಿಸಿ ಹತ್ತೊಂಬತ್ತರಿಂದ ಭಾಗಿಸಿದರೆ ಪುಟಕ್ಕೆ ೪೪ ಸೆಕೆಂಡು. ಅರುವತ್ತು ಪುಟಕ್ಕೆ ೪೪ ನಿಮಿಷ. ಸೊಸೆಯ ಪುಸ್ತಕದ ಮುಕ್ಕಾಲು ಗಂಟೆ ಅಲ್ಲಿತ್ತು. ಇನ್ನೊಂದು ವಿಷಯ ನಮ್ಮನ್ನು ಹೆಚ್ಚಾಗಿ ಚುಚ್ಚಿತು. ಅಳತೆ ಶುದ್ಧವಾಗಿರಬೇಕೆಂದು ನಾವು ಪ್ರತಿಸಲವೂ ಮನೆಯ ಯಂತ್ರಗಳನ್ನೆಲ್ಲ ಆರಿಸುತ್ತಿದ್ದೆವಷ್ಟೆ. ಅವುಗಳ ಜೊತೆಯಲ್ಲಿ ನಮ್ಮ ಗಣಕವನ್ನೂ ಆರಿಸುತ್ತಿದ್ದೆವು. ಕಳ್ಳನನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿಕೊಂಡು ಮನೆಯನ್ನು ಶೋಧಿಸಿದಂತಾಯಿತು. ದಾರಿ ಎಷ್ಟು ಅಗಲವೆಂದು ತಿಳಿಯಲು ಅದನ್ನು ಖಾಲಿ ಮಾಡಿ ಅಳೆಯಬೇಕು, ಸರಿ. ಆ ದಾರಿಯಲ್ಲಿ ನಡೆಯುವವರ ಸುಖದುಃಖ ತಿಳಿಯಬೇಕಾದರೆ ಸಂತೆಯ ಹೊತ್ತಿನಲ್ಲಿಯೇ ಅಳೆಯಬೇಕು. ಈ ಎರಡನೆಯ ಅಳತೆ ನಮಗೆ ಹೊಳೆದಿರಲಿಲ್ಲ.

ಮರುದಿನ ಅದನ್ನೂ ಮಾಡಿದೆವು. ಪಿಂಗ್ ಎಂಬ ಒಂದು ಸಣ್ಣ ಆಜ್ಞೆ ಇದೆ. ಒಂದು ಚಿಕ್ಕ ಪೊಟ್ಟಣವನ್ನು ಕಳುಹಿಸಿ ಅದು ಹಿಂದಿರುಗಲು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಮನೆ ಸುಮ್ಮನಿದ್ದಾಗ ಬೆಂಗಳೂರಿನಲ್ಲಿಯೇ ಇರುವ ಒಂದು ಯಂತ್ರಕ್ಕೆ ಹೋಗಿಬರಲು ೮, ೯ ಮಿಲಿಸೆಕೆಂಡು. ನಾವು ಅರುವತ್ತು ಪುಟವನ್ನು ಕೋಶಕ್ಕೆ ಹಾಕಿದ ಹತ್ತು ಸೆಕೆಂಡಿಗೆ ೩೧೦. ಮತ್ತೆ ಹತ್ತು ಸೆಕೆಂಡಿಗೆ ೬೪೦. ಹುಣಿಸೆಯ ಮರದ ಬುಡದಲ್ಲಿ ನಿಂತು ಕಾಯಿ ಬೀಳುವುದನ್ನು ನೋಡುವವರಂತೆ ನಾವು, ಮಗ, ಸೊಸೆ ಮೂವರೂ ಆ ಅಂಕೆಗಳನ್ನು ನೋಡುತ್ತ ನಿಂತೆವು.

ನಡೆಯುತ್ತಿದ್ದುದು ಏನೆಂದರೆ, ಏರುವ ಕಿರುದಾರಿಯ ಬಾಯಿಯಲ್ಲಿ ರೂಟರು ಒಂದು ದೊಡ್ಡ ಕಾಯುವ ಅಂಗಳವನ್ನು ಇಟ್ಟುಕೊಂಡಿದೆ. ಬಂದವರನ್ನು ಹಿಂದಕ್ಕೆ ಕಳುಹಿಸದೆ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ. ಯಲಹಂಕದ ರೈಲು ನಿಲ್ದಾಣದಲ್ಲಿ ಮದುವೆಯ ದಿಬ್ಬಣಕ್ಕೆಲ್ಲ ಚೀಟಿ ಕೊಳ್ಳುವವನ ಹಿಂದೆ, ಹಿಂದೂಪುರಕ್ಕೆ ಒಂದೇ ಚೀಟಿ ಬೇಕಾದವನು ನಿಂತಂತೆ, ನಮ್ಮ ತಂದೆಯವರ ಪುಟಗಳ ಹಿಂದೆ ಸೊಸೆಯ ಒಂದೊಂದು ಮಾತೂ ನಿಂತಿತ್ತು. ಮಾತಿಗೆ ಬೇಕಾದುದು ಅಗಲವಾದ ದಾರಿಯಲ್ಲ, ತಡವಿಲ್ಲದ ದಾರಿ. ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಇದನ್ನು ಹಾಗೆ ಕರೆದವರು ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ಗಣಕತಜ್ಞರು. ಅವರಿಗೂ ಇದು ೨೦೧೦ರ ಸುಮಾರಿನಲ್ಲಿ ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ಕಳುಹಿಸುತ್ತಿದ್ದಾಗಲೇ ಗೋಚರವಾದುದಂತೆ. ಇದನ್ನು ಓದಿ ನಮಗೆ ಸ್ವಲ್ಪ ಸಮಾಧಾನವಾಯಿತು. ೨೦೧೨ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಎಂಬವರು ಕೋಡೆಲ್ ಎಂಬ ಉಪಾಯವನ್ನು ಪ್ರಕಟಿಸಿದರು. ಅಂಗಳದಲ್ಲಿ ಹೆಚ್ಚು ಹೊತ್ತು ಯಾರನ್ನೂ ಕಾಯಿಸದೆ, ಬೇಕಾದರೆ ಕೆಲವನ್ನು ಕೈಬಿಟ್ಟು, ಕಳುಹಿಸುವವನಿಗೆ ನಿಧಾನಿಸೆಂದು ಸೂಚಿಸುವುದು ಅದರ ತಿರುಳು. ಕೆಲವು ರೂಟರುಗಳಲ್ಲಿ ಈ ಏರ್ಪಾಟು ಇದೆ, ನಮ್ಮದರಲ್ಲಿ ಇರಲಿಲ್ಲ. ಅದಕ್ಕಾಗಿ ನಾವು ಹೊಸದನ್ನು ಕೊಳ್ಳಲಿಲ್ಲ. ಪುಟಗಳು ರಾತ್ರಿ ಒಂದು ಗಂಟೆಗೆ, ಅದೂ ೮ ಮೆಗಾಬಿಟ್ಟಿಗೆ ಮೀರದಂತೆ ಏರಲೆಂದು ಮಗ ಗೊತ್ತುಮಾಡಿದನು. ಖರ್ಚು ಏನೂ ಆಗಲಿಲ್ಲ.

ಮೇ ತಿಂಗಳೆಲ್ಲ ಸಭೆಗಳು ನಿರ್ವಿಘ್ನವಾಗಿ ನಡೆದುವು. ಜೂನಿನಲ್ಲಿ ಮೊಮ್ಮಗಳು ಹಳೆಯ ಶಾಲೆಗೇ ಹೋದಳು. ಸೊಸೆ ನಮ್ಮನ್ನು ಒಂದು ಮಾತೂ ಆಡಲಿಲ್ಲ, "ತಾತನವರ ಪುಸ್ತಕ ಇನ್ನೆಷ್ಟು ಉಳಿದಿದೆ ಮಾವ?" ಎಂದು ಕೇಳಿದಳು, ಅಷ್ಟೆ. ಆಡಿದ್ದರೆ ವಾಸಿಯಾಗಿತ್ತೆಂದು ನಮಗೆ ಅನ್ನಿಸಿತು.

ಲೈನಿನ ಹುಡುಗನನ್ನು ಕರೆಸುವುದಕ್ಕೆ ಮತ್ತೊಂದು ದೂರು ಕೊಟ್ಟರೆ ಅದೂ ಅವನ ಲೆಕ್ಕಕ್ಕೇ ಹೋಗುತ್ತದೆಂದು ಹೆದರಿ, ಬೀದಿಯ ಹೊಂಗೆಮರದ ಕೆಳಗೆ ಅವನ ಏಣಿ ಕಾಣುವವರೆಗೆ ಕಾದೆವು. ಹನ್ನೆರಡು ದಿನವಾಯಿತು. ಕರೆದು ಕೂರಿಸಿ, ನಡೆದುದನ್ನೆಲ್ಲ ಹೇಳಿ, ಅಂದು ಆಡಿದ ಮಾತು ತಪ್ಪಾಯಿತೆಂದೆವು. ಅವನು ಕಾಫಿಯ ಲೋಟವನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡು, "ಇರಲಿ ಬಿಡಿ ಸಾರ್" ಎಂದು ನೆಲವನ್ನು ನೋಡಿದನು. ಮೂರು ದೂರನ್ನೂ ಹಿಂದಕ್ಕೆ ತೆಗೆದುಕೊಂಡು ಕಂಪೆನಿಗೆ ಬರೆದೆವು. ಅವನ ಸಂಬಳದಲ್ಲಿ ಹಿಡಿದುದನ್ನು ಕೊಟ್ಟರೋ ಇಲ್ಲವೋ ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊರಡುವಾಗ ಅವನೇ ನೋಟುಪುಸ್ತಕವನ್ನು ತಿರುವಿ ನೋಡಿ, "ರಾತ್ರಿ ಒಂಬತ್ತರ ಇಳಿತ ಇದೆಯಲ್ಲ, ಇದು ಮಾತ್ರ ನಮ್ಮದೇ ಸಾರ್. ಇದನ್ನು ಬರೆದು ಕಳಿಸಿ. ಹೀಗೆ ತಾರೀಖು ಹಾಕಿ ಕಳಿಸಿದರೆ ಮೇಲಿನವರು ನೋಡಲೇಬೇಕಾಗುತ್ತದೆ" ಎಂದನು.

ಮೂವತ್ತು ರಾತ್ರಿಯ ತೊಂಬತ್ತು ಅಂಕೆಗಳನ್ನು, ಯಾವ ಯಂತ್ರದಿಂದ ಯಾವ ಯಂತ್ರಕ್ಕೆ, ಯಾವ ಕೇಬಲಿನಿಂದ, ಮನೆಯಲ್ಲಿ ಆಗ ಮತ್ತಾವುದು ನಡೆಯುತ್ತಿತ್ತು ಎಂಬುದರೊಡನೆ ಪಟ್ಟಿಮಾಡಿ ಕಳುಹಿಸಿದ್ದೇವೆ. ಈ ಸಲದ ಕಾಗದ ಒಂದೇ ಪುಟ, ವಿಶೇಷಣಗಳಿಲ್ಲ. ಉತ್ತರ ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ಒಂಬತ್ತಕ್ಕೆ ೧೩೮, ೧೩೧, ೧೩೫.